ದುಂಡು ಗೋಡೆಯ ಗಣಿತ

ನಮ್ಮ ರೇಣುಕಾ ಗಣಿತದಲ್ಲಿ ಪಾಸಾದಳು! ಹನ್ನೆರಡನೆಯ ತರಗತಿಯಲ್ಲಿ ಒಮ್ಮೆ ನಪಾಸಾಗಿ, ಇನ್ನು ಪುಸ್ತಕವನ್ನೇ ಮುಟ್ಟುವುದಿಲ್ಲ ಎಂದಿದ್ದ ನನ್ನ ಮೊಮ್ಮಗಳು. ಭೋಸರಿಯ ನಮ್ಮ ಓಣಿಗೆಲ್ಲ ನಾನೇ ಪೇಢೆ ಹಂಚಿ ಬಂದೆ.

ಮರುಪರೀಕ್ಷೆಗೆಂದು ಅವಳು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಳು. ಸೈನ್, ಲಿಮಿಟ್ ಎಂದು ಏನೇನೋ. ಹಾಜರಿ ಪುಸ್ತಕದಲ್ಲಿ ಹಾಕುವ ಸೈನ್ ಬಿಟ್ಟರೆ ನನಗೆ ಬೇರೆ ಸೈನ್ ಗೊತ್ತಿಲ್ಲ. ಒಂದು ಮಧ್ಯಾಹ್ನ ಅದೇ ಪಾಠವನ್ನು ನಾಲ್ಕನೇ ಸಲ ಕೇಳಿ ಅಳತೊಡಗಿದಳು.

"ಕೋನ ಸಣ್ಣದಾಗ್ತಾ ಹೋದ್ರ ಡೊಂಕು ಗೆರಿ, ನೆಟ್ಟನ ಗೆರಿ ಒಂದ ಆಗ್ತಾವಂತ. ಡೊಂಕು ಹೆಂಗ ನೆಟ್ಟಗಾಗ್ತದ ಅಜ್ಜಾ?"

ನಾನು ನಲವತ್ತು ವರ್ಷ ಗೌಂಡಿ ಕೆಲಸ ಮಾಡಿದವನು. "ಹುಚ್ಚಿ, ದುಂಡನ ನೀರಿನ ಟಾಕಿ ಕಟ್ಟಾಕ ಡೊಂಕು ಇಟ್ಟಂಗಿ ಎಲ್ಲಿಂದ ತರ್ಲಿ? ನೆಟ್ಟನ ಇಟ್ಟಂಗೀನ ಸಣ್ಣ ಸಣ್ಣ ತುಂಡು ಮಾಡಿ ಹಚ್ತೀವಿ. ತುಂಡು ಸಣ್ಣದಾದಷ್ಟೂ ದುಂಡಿಗೆ ಸರಿ ಕೂಡ್ತಾವ" ಎಂದೆ. ಅವಳು ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು. ಆಮೇಲೆ ವಹಿಯಲ್ಲಿ ದೊಡ್ಡದೊಂದು ವೃತ್ತ ಬರೆದಳು.

ನಿನ್ನೆ ಸಂಜೆ ಮಗ, ಸೊಸೆ, ನನ್ನ ಹೆಂಡತಿ, ನಾವೆಲ್ಲ ಒಟ್ಟಿಗೆ ಊಟಕ್ಕೆ ಕುಳಿತೆವು. ರೇಣುಕಾ ಮೊದಲ ಹೋಳಿಗೆಯನ್ನು ನನ್ನ ತಾಟಿಗೆ ಹಾಕಿ, "ತಗೋರಿ ಗಣಿತದ ಸರ" ಎಂದಳು. ಎರಡನೇ ಇಯತ್ತೆಗೇ ಶಾಲೆ ಬಿಟ್ಟ ಈ ಸರ ನಾಲ್ಕು ಹೋಳಿಗೆ ಉಂಡ.