ಬಾಕುವಿಗೆ ಇಟ್ಟ ಕುಂಕುಮ

ಇವತ್ತು ಬೆಳಿಗ್ಗೆ ನನ್ನ ಸ್ಕೂಟರಿನ ಮೂತಿಗೆ ಯಾರೋ ಗಂಧ, ಕುಂಕುಮ ಮೆತ್ತಿದ್ದರು. ಆಯುಧ ಪೂಜೆ, ಒಪ್ಪೋಣ. ಆದರೆ ಮೊನ್ನೆಯಷ್ಟೇ ತೊಳೆಸಿದ ಗಾಡಿ ನೋಡಿ! ಗೊಣಗುತ್ತ ಒರೆಸುವ ಬಟ್ಟೆ ತಂದೆ. ಒದ್ದೆ ಗಂಧದ ವಾಸನೆ ಮೂಗಿಗೆ ಬಡಿದದ್ದೇ ಕೈ ನಿಂತಿತು. ಭಾವ ನೆನಪಾದರು.

ಎಪ್ಪತ್ತರ ದಶಕ. ಹೊಸದಾಗಿ ಗುಮಾಸ್ತನಾಗಿದ್ದ ನಾನು ರಾಜಾಜಿನಗರದ ಒಂದು ವಠಾರದಲ್ಲಿ ಅಕ್ಕ-ಭಾವನ ಜೊತೆಗಿದ್ದೆ. ಭಾವ ಬಿನ್ನಿಪೇಟೆ ಕಡೆ ಫಿಟ್ಟರ್ ಕೆಲಸದಲ್ಲಿದ್ದರು. ಜಿರಳೆ ಹೊಡೆಯಲೂ ಅಕ್ಕನನ್ನು ಕರೆಯುವ ಪ್ರಾಣಿ. ಒಂದು ವರ್ಷ ಆಯುಧ ಪೂಜೆ ಮುಗಿದ ವಾರದಲ್ಲೇ ಪಕ್ಕದ ಬೀದಿಯಲ್ಲಿ ಹೊಡೆದಾಟವಾಗಿ ಪೊಲೀಸರು ವಠಾರವನ್ನೆಲ್ಲ ಜಾಲಾಡಿದಾಗ, ನಮ್ಮ ಬಾಗಿಲ ಮೇಲಿನ ಹೆಂಚಿನ ಸಂದಿಯಲ್ಲಿ ಉದ್ದನೆಯ ಬಾಕು ಸಿಕ್ಕಿತು. ಅದರ ಮೇಲೆ ಒಣಗಿದ ಕುಂಕುಮ. ಭಾವನ ಸ್ಪ್ಯಾನರಿನ ಮೇಲೂ ಅದೇ ಕುಂಕುಮ. ಅವರ ಕೈಯಲ್ಲಿ ಬಾಕು ಕಂಡವರು ಒಬ್ಬರೂ ಇಲ್ಲ. ಆದರೂ ಕೆಳಗಿನ ಕೋರ್ಟು, ಪೂಜೆ ಮಾಡಿದವನದೇ ಆಯುಧ ಎಂದು ಭಾವನಿಗೆ ಆರು ತಿಂಗಳು ಸಜೆ ಹಾಕಿತು. ಅಪೀಲು ಹಾಕಿ ಜಾಮೀನು ತಂದೆವು. ಅದೂ ಸೋತರೆ ಜೈಲು, ಕೆಲಸಕ್ಕೂ ಸಂಚಕಾರ. ಅಕ್ಕ ಬಸುರಿ ಬೇರೆ.

ನಮ್ಮ ವಠಾರದಲ್ಲಿ ಆಯುಧ ಪೂಜೆ ಮನೆಮನೆಗೆ ಬೇರೆಯಲ್ಲ. ಈಳಿಗೆಮಣೆ, ಕತ್ತರಿ, ಸುತ್ತಿಗೆ ಎಲ್ಲವೂ ಮನೆ ಓನರ್ ಪುಟ್ಟಮ್ಮನವರ ಜಗಲಿಗೆ ಬರಬೇಕು. ಅವರೇ ಸಾಲಾಗಿ ಬೊಟ್ಟಿಡುತ್ತಿದ್ದರು. ಆ ರಾಶಿಗೆ ಬಾಕು ಸೇರಿಸಿದವರು ಯಾರೋ! ಪುಟ್ಟಮ್ಮ ಇದನ್ನು ಕೆಳಗಿನ ಕೋರ್ಟಿನಲ್ಲೇ ಹೇಳಿದ್ದರು: “ನಾನೇ ಸ್ವಾಮಿ ಇಟ್ಟಿದ್ದು. ಯಾರದು ಅಂತ ಕೇಳ್ಕೊಂಡು ಕುಂಕುಮ ಇಡ್ತಾರಾ?” ಅಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಪೀಲು ವಿಚಾರಣೆಗೆ ಬಂದಾಗ ಮುಂದಿನ ವರ್ಷದ ಹಬ್ಬ ಆಗಷ್ಟೇ ಮುಗಿದಿತ್ತು. ನಮ್ಮ ವಕೀಲರು ಪುಟ್ಟಮ್ಮನ ಹೇಳಿಕೆಯನ್ನೇ ಓದಿದರು. ಜಡ್ಜು ಸರ್ಕಾರಿ ವಕೀಲರತ್ತ ತಿರುಗಿ, “ನಾನು ಬಂದ ಕಾರಿಗೂ ಕುಂಕುಮ ಇದೆಯಲ್ರೀ. ಇಟ್ಟವನು ಡ್ರೈವರು. ಕಾರು ಅವನದ್ದಾ?” ಎಂದರು.

ಕೋರ್ಟಿಗೆ ಕೋರ್ಟೇ ನಕ್ಕಿತು. ಎಲ್ಲರ ಕೈಗೆಟುಕುವ ಹೆಂಚು, ಎಲ್ಲದಕ್ಕೂ ಇಟ್ಟ ಕುಂಕುಮ. ಇಷ್ಟರಿಂದಲೇ ಬಾಕು ಇವನದೆನ್ನಲಾಗದು ಎಂದು ಇಂಗ್ಲಿಷಿನಲ್ಲಿ ತೀರ್ಪಾಯಿತು. ಇಂಗ್ಲಿಷ್ ಬರುತ್ತದೆಂದು ಅಕ್ಕ ಕಳಿಸಿದ್ದ ಜಾಣ ನಾನು, ಅದರ ತಲೆಬುಡ ತಿಳಿಯದೆ ಕಣ್ಣೀರು ಸುರಿಸುತ್ತಿದ್ದೆ. ಭಾವನೇ ಬೆನ್ನಿಗೆ ಗುದ್ದಿದರು: “ಅಳ್ಬೇಡ ಕಣೋ, ಬಿಟ್ಬಿಟ್ರು!” ಅಬ್ಬಾ! ಹೋದ ಜೀವ ಬಂದಂತಾಯಿತು.

ಬಾಕು ಯಾರದೆಂದು ಕೊನೆಗೂ ತಿಳಿಯಲಿಲ್ಲ. ಮರುವರ್ಷದಿಂದ ಭಾವ ಜಗಲಿಗೆ ಒಂದು ಸೌಟು ಮಾತ್ರ ತರುತ್ತಿದ್ದರು. “ಇದು ನಂದೇ, ಎಲ್ರೂ ನೋಡ್ಕೊಳ್ಳಿ!”

“ಸಾಕ್ಷಿ ಎಲ್ಲಿ?” ಎಂದು ಪುಟ್ಟಮ್ಮ ಅದಕ್ಕೂ ಬೊಟ್ಟಿಡುತ್ತಿದ್ದರು.

ಬಟ್ಟೆಯನ್ನು ಜೇಬಿಗೆ ತುರುಕಿದೆ. ಇಟ್ಟವರು ಯಾರೆಂದು ವಿಚಾರಿಸಲು ಹೋಗಲಿಲ್ಲ. ಸ್ಕೂಟರಿನ ಮೇಲೆ ಹೆಚ್ಚಾಗಿದ್ದ ಕುಂಕುಮವನ್ನು ಬೆರಳಿಗೆ ಒತ್ತಿಕೊಂಡು, ಪಕ್ಕದಲ್ಲಿ ಬರಿಹಣೆಯಲ್ಲಿ ನಿಂತಿದ್ದ ಸೈಕಲ್ಲಿಗೆ ಇಟ್ಟೆ. ಯಾರದೋ ಏನೋ.