ಹತ್ತು ಗಂಟೆಯ ಬಸ್ಸು ಮತ್ತು ನನ್ನ ಹೆಬ್ಬೆಟ್ಟು

ಬೀದರಿನ ಬಸ್ ನಿಲ್ದಾಣದ ಎದುರಿಗೆ ನನ್ನ ಹೊಲಿಗೆ ಅಂಗಡಿ. ಮನೆ ಚಿದ್ರಿಯಲ್ಲಿ. ಬೆಳಿಗ್ಗೆ ರೊಟ್ಟಿ ಬಡಿದು, ಬೇಳೆ ಕುದಿಸಿಟ್ಟು, ಏಳೂವರೆಗೆಲ್ಲ ಬಂದು ಶಟರ್ ಎತ್ತುತ್ತೇನೆ. ಮಷಿನ್ ಮುಂದೆ ಕುಳಿತರೆ ನಿಲ್ದಾಣದಿಂದ ಹೊರಬೀಳುವ ಒಂದೊಂದು ಬಸ್ಸೂ ಕಣ್ಣಿಗೆ ಬೀಳುತ್ತದೆ.

ನನ್ನ ತವರು ಔರಾದ್ ಕಡೆ, ಎಕಂಬಾ ದಾಟಿ ಇನ್ನೂ ಒಳಗೆ. ಅಲ್ಲಿಗೆ ದಿನಕ್ಕೆ ಎರಡೇ ಬಸ್ಸು, ಅವೂ ತಮಗೆ ಮನಸ್ಸು ಬಂದಾಗ. ಆ ಬಸ್ಸು ಹೊರಟ ಹೊತ್ತನ್ನು ಬರೆದಿಡುವ ಚಾಳಿ ನನಗೆ ಯಾವಾಗ ಅಂಟಿತೋ ತಿಳಿಯದು. ಅಳತೆ ಬರೆಯುವ ನೋಟ್‌ಬುಕ್ಕಿನಲ್ಲೇ ಬರೆಯುತ್ತೇನೆ. ಭುಜ ಹದಿನಾಲ್ಕು, ತೋಳು ಹತ್ತು, ಬಸ್ಸು ಎಂಟು ನಲವತ್ತು. ಒಮ್ಮೆ ಗಡಿಬಿಡಿಯಲ್ಲಿ ಒಬ್ಬರ ತೋಳನ್ನು ಎಂಟು ನಲವತ್ತಕ್ಕೇ ಕತ್ತರಿಸಿಬಿಟ್ಟಿದ್ದೆ.

ಊರಿನಲ್ಲಿರುವ ತಂಗಿ ದಿನಾ ಫೋನ್ ಮಾಡಿ, "ಅಕ್ಕಾ, ಬಸ್ ಬಿಡ್ತೇನು?" ಎಂದು ಕೇಳುತ್ತಿದ್ದಳು. ಅವಳನ್ನು ಸೋದರತ್ತೆಯ ಮಗನಿಗೇ ಕೊಟ್ಟಿದ್ದರಿಂದ ತವರಿನಲ್ಲೇ ಉಳಿದವಳು. ಆಮೇಲೆ ಅವಳ ಓಣಿಯವರೂ ಕೇಳತೊಡಗಿದರು. ಎಲ್ಲರಿಗೂ ಉತ್ತರ ಕೊಟ್ಟು ಸಾಕಾಗಿ ವಾಟ್ಸಾಪಿನಲ್ಲಿ ಒಂದು ಗ್ರೂಪ್ ಮಾಡಿದೆ. ಬೀದರಿನಿಂದ ಬಸ್ಸು ಹೊರಟಿತೆಂದು ನಾನು ಹಾಕುತ್ತೇನೆ. ಜನವಾಡದಲ್ಲಿ ರಸ್ತೆ ಬದಿಗೆ ಚಹಾ ಮಾರುವ ಅವ್ವ ಒಬ್ಬರಿದ್ದಾರೆ, ಅವರಿಗೆ ಬರೆಯಲು ಬರುವುದಿಲ್ಲ. "ದಾಟ್ತು ನೋಡ್ರಿ, ಡ್ರೈವರ್ ಚಹಾನೂ ಕುಡೀಲಿಲ್ಲ ಇವತ್ತ" ಎಂದು ಧ್ವನಿ ಕಳಿಸುತ್ತಾರೆ. ಊರಿನ ಹೆಂಗಸರು ಅದನ್ನು ಕೇಳಿಯೇ ಜಡೆ ಹಾಕಿಕೊಳ್ಳಲು ಕೂರುತ್ತಾರೆ.

ಗ್ರೂಪಿಗೆ ನಾನೊಬ್ಬಳೇ ಅಡ್ಮಿನ್. ಕಾನೂನು ಒಂದೇ: ಬಸ್ಸಿನ ಮಾತು ಬಿಟ್ಟು ಬೇರೆ ಮಾತಿಲ್ಲ. ಗುಡ್ ಮಾರ್ನಿಂಗ್ ಗುಲಾಬಿ, ದೇವರ ಫೋಟೋ, ಮಂಡಿನೋವಿನ ಔಷಧಿ, ಏನು ಬಂದರೂ ಅಳಿಸುತ್ತೇನೆ. ನಮ್ಮ ಮನೆಯವರು ಮೊಮ್ಮಗನ ಮೊದಲ ಹಲ್ಲಿನ ಫೋಟೋ ಹಾಕಿದಾಗ ಅದನ್ನೂ ಅಳಿಸಿದೆ. ಮನೆಗೆ ಬಂದು ಆ ಹಲ್ಲಿಗೆ ಮುತ್ತು ಕೊಟ್ಟೆ, ಅದು ಬೇರೆ. ಯಾರಾದರೂ ಬಸ್ಸಿನ ಸುದ್ದಿ ಹಾಕಿದರೆ ಖಾತ್ರಿ ಮಾಡಿಕೊಂಡು ಅದಕ್ಕೊಂದು ಹೆಬ್ಬೆಟ್ಟಿನ ಚಿತ್ರ ಒತ್ತುತ್ತೇನೆ. ನನ್ನ ಹೆಬ್ಬೆಟ್ಟು ಬಿದ್ದರೆ ಊರಿನಲ್ಲಿ ಒಲೆ ಆರುತ್ತದೆ, ಬಾಗಿಲಿಗೆ ಬೀಗ ಬೀಳುತ್ತದೆ. ಅಷ್ಟು ನಂಬಿಕೆ.

ಹೀಗಿರುವಾಗ ಗ್ರಾಮ ಪಂಚಾಯಿತಿ ಚುನಾವಣೆ ಬಂತು. ತವರೂರಿನ ನಮ್ಮ ವಾರ್ಡು ಹೆಂಗಸರಿಗೆ ಮೀಸಲಾಯಿತು. ತಂಗಿ ನಿಂತಳು. ಅವಳಿಗೆ ಸಿಕ್ಕ ಗುರುತು ಹೊಲಿಗೆ ಯಂತ್ರ. ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ ಆ ದಿನ ನಾಲ್ಕು ಲಂಗಕ್ಕೆ ಲಾಡಿ ಹಾಕುವುದನ್ನೇ ಮರೆತೆ.

ಎದುರಿಗೆ ನಿಂತವಳು ಕೇಬಲ್‌ನವನ ಹೆಂಡತಿ. ಗುರುತು ಛತ್ರಿ. ಸುತ್ತಲಿನ ಊರುಗಳಿಗೆಲ್ಲ ಅವನದೇ ಕೇಬಲ್, ಅದರೊಳಗೆ ಅವನದೇ ಒಂದು ಲೋಕಲ್ ಚಾನೆಲ್. ನಾಮಪತ್ರ ಹಾಕಿದ ದಿನದಿಂದ ಚಾನೆಲ್ ತುಂಬ ಛತ್ರಿ. ಸಿನಿಮಾದಲ್ಲಿ ನಾಯಕಿ ಅಳುತ್ತಿದ್ದರೆ ಅವಳ ಗಲ್ಲದ ಕೆಳಗೆ ಛತ್ರಿ ಹರಿದು ಹೋಗುತ್ತಿತ್ತು. ತೊಗರಿ ಬೆಳೆಯ ಕಾರ್ಯಕ್ರಮದಲ್ಲಿ ಹುಳುವಿನ ಪಕ್ಕಕ್ಕೂ ಛತ್ರಿ. ಹೆಂಡತಿಯ ಕೈಮುಗಿದ ಫೋಟೋ ದಿನವಿಡೀ ಕಾಣುತ್ತಿತ್ತು. ಅವಳ ಪರವಾಗಿ ಮಾತನಾಡುವ ಧ್ವನಿ ಮಾತ್ರ ಗಂಡನದು.

ತಂಗಿ ಅವನ ಆಫೀಸಿಗೆ ಹೋಗಿ ಕೇಳಿದಳಂತೆ: "ಅಣ್ಣಾ, ನಂದೂ ಒಂದೀಟು ತೋರಸ್ರಿ. ಊರಿನ್ಯಾಗ ಇಬ್ಬರು ನಿಂತೀವಿ, ನಿಮ್ಮ ಟಿ.ವಿ. ನೋಡಿದ್ರ ಒಬ್ಬಾಕೀನೇ ಅದಾಳ ಅನ್ನಂಗ ಅದ."

"ತಂಗೀ, ಚಾನಲ್ ನಮ್ದದ. ನಿಮ್ಮ ಮನಿ ಗ್ವಾಡಿಗಿ ನನ್ನ ಹೆಂಡ್ತಿ ಫೋಟೋ ಹಚ್ಚೀಯೇನು?"

"ನಮ್ಮ ಗ್ವಾಡಿ ಎಲ್ಲಾರ ಮನಿಯಾಗ ಹೋಗಿ ಕುಂದ್ರಲ್ಲಲ್ರಿ ಅಣ್ಣಾ!"

ಅವನು ನಕ್ಕು ಚಹಾ ತರಿಸಿದನಂತೆ. ಚಹಾ ಚೆನ್ನಾಗಿತ್ತಂತೆ. ಅಷ್ಟೇ ಸಿಕ್ಕಿದ್ದು.

ಅಲ್ಲಿಂದ ಅವಳು ನೇರ ನನಗೆ ಫೋನ್ ಮಾಡಿದಳು. "ಅಕ್ಕಾ, ಗ್ರೂಪ್ ನಿಂದದ. ನಂದೊಂದು ಫೋಟೋ ಹಾಕು, ಹೊಲಿಗಿ ಮಷಿನ್ ಹಾಕು."

"ಅದು ಬಸ್ಸಿನ ಗ್ರೂಪ್ ಅದವ್ವ."

"ಆಂವ ಹೆಂಡ್ತಿಗಿ ಚಾನಲ್ ಕೊಟ್ಟಾನ. ನೀ ಒಡಹುಟ್ಟಿದ ತಂಗಿಗಿ ಒಂದು ಫೋಟೋ ಜಾಗ ಕೊಡಲ್ಲಲ್ಲ!"

"ಆಂವ ಕೊಟ್ಟಿದ್ದು ತಪ್ಪು ಅಂತ ನೀನೇ ಅಂದಿ. ನಾ ಕೊಟ್ರ ಹ್ಯಾಂಗ ಬರಾಬರಿ ಆಯ್ತದ?"

ಅವಳು ಫೋನ್ ಇಟ್ಟಳು. ಆ ಮಧ್ಯಾಹ್ನ ನನಗೆ ಊಟ ರುಚಿಸಲಿಲ್ಲ. ಬಸ್ಸು ಹೋಯಿತು ಎಂದು ಬರೆದರೆ, ಎಲ್ಲರೂ ಉತ್ತರ ಕೊಟ್ಟರು, ಅವಳೊಬ್ಬಳು ಕೊಡಲಿಲ್ಲ.

ಆದರೆ ಅವಳ ಓಣಿಯವರು ಸುಮ್ಮನಿರುವವರಲ್ಲ. ಮರುದಿನದಿಂದ ಬಸ್ಸಿನ ಸುದ್ದಿಗಳ ಧಾಟಿಯೇ ಬದಲಾಯಿತು. "ಬಸ್ ಎಕಂಬಾ ದಾಟಿತು. ಬಸ್ಸಿನಲ್ಲಿದ್ದವರೆಲ್ಲ ಹೊಲಿಗೆ ಯಂತ್ರಕ್ಕೇ ಹಾಕುತ್ತಾರಂತೆ." ಛತ್ರಿಯವರು ಬಿಟ್ಟಾರೆಯೇ? "ಬಸ್ ಲೇಟ್. ಬಿಸಿಲು ಜೋರು. ಛತ್ರಿ ಮರೆಯದಿರಿ." ನಾನು ಅಳಿಸಿದೆ. "ಬಸ್ಸಿನ ಸೀಟು ಹರಿದಿದೆ, ಹೊಲಿಯಲು ಯಂತ್ರ ಬೇಕು." ಅದನ್ನೂ ಅಳಿಸಿದೆ. ಒಂದು ಕೈಯಲ್ಲಿ ಬಟ್ಟೆ ನೂಕುತ್ತ ಇನ್ನೊಂದು ಕೈಯಲ್ಲಿ ಅಳಿಸುತ್ತ, ಒಬ್ಬಳೇ ನಗುತ್ತಿದ್ದರೆ ಬ್ಲೌಸ್ ತೆಗೆದುಕೊಳ್ಳಲು ಬಂದವರು ನನ್ನನ್ನು ಒಂಥರಾ ನೋಡುತ್ತಿದ್ದರು.

ಮತದಾನಕ್ಕೆ ಇನ್ನು ಐದು ದಿನವಿತ್ತು. ಅಂದು ಔರಾದಿನಲ್ಲಿ ಸಂತೆ. ಬೆಳಿಗ್ಗೆ ಒಂಬತ್ತಕ್ಕೆ ಗ್ರೂಪಿನಲ್ಲಿ ಒಂದು ಸುದ್ದಿ ಬಂತು: "ಇಂದು ಸಂತೆಗೆ ಸ್ಪೆಷಲ್ ಬಸ್. ಹತ್ತು ಗಂಟೆಗೆ ಪಂಚಾಯಿತಿ ಕಟ್ಟೆಯ ಹತ್ತಿರ ನಿಲ್ಲುತ್ತದೆ. ಸೀಟು ಖಾಲಿ." ಹಾಕಿದವನು ಕೇಬಲ್‌ನವನೇ. ಗ್ರೂಪಿನಲ್ಲಿ ಅವನೂ ಅವನ ಹೆಂಡತಿಯೂ ಇದ್ದರು. ಅವನ ತಾಯಿ ಇದೇ ಬಸ್ಸಿಗೆ ಓಡಾಡುವವರು. ಆಗ ನನ್ನ ಎದುರಿಗೆ ಒಬ್ಬ ಮದುಮಗಳು ನಿಂತಿದ್ದಳು. ಬ್ಲೌಸಿನ ಹುಕ್ಕು ಕೂಡುತ್ತಿಲ್ಲ, ಮುಹೂರ್ತ ಮರುದಿನ, ಅವಳ ತಾಯಿ ನನ್ನ ತಲೆಯ ಮೇಲೆ ಕೂತಂತೆ ಇದ್ದರು. ನನ್ನ ಬಾಯಿ ತುಂಬ ಗುಂಡುಪಿನ್ನು. ಯಾರನ್ನೂ ವಿಚಾರಿಸದೆ ಹೆಬ್ಬೆಟ್ಟು ಒತ್ತಿಬಿಟ್ಟೆ.

ಮಧ್ಯಾಹ್ನದ ಮೇಲೆ ಭಾಲ್ಕಿಯಿಂದ ನಾದಿನಿಯ ಫೋನು. ಆಕೆಗೆ ನಗುವಿನ ನಡುವೆ ಉಸಿರೇ ಸಿಗುತ್ತಿರಲಿಲ್ಲ.

"ವೈನೀ, ನಿಮ್ಮ ತಂಗಿ ಛತ್ರಿ ಪಾರ್ಟಿ ಯಾವಾಗ ಸೇರ್ಯಾಳ್ರಿ?"

"ಏನ್ ಮಾತಂತ ಆಡ್ತೀಯವ್ವ?"

"ಮೊಬೈಲ್‌ನ್ಯಾಗ ಬಂದದ ನೋಡ್ರಿ! ಭಾಲ್ಕಿ ತನಕಾ ಬಂದದ!"

ಅವಳು ಕಳಿಸಿದ್ದು ಕೇಬಲ್‌ನವನ ಚಾನೆಲ್‌ನ ವಿಡಿಯೋ. ಪಂಚಾಯಿತಿ ಕಟ್ಟೆಯ ಮುಂದೆ ಹೆಂಗಸರ ಉದ್ದನೆ ಸಾಲು. ಹಿಂದೆ ದೊಡ್ಡ ಬ್ಯಾನರು. ಎಲ್ಲರ ತಲೆಯ ಮೇಲೂ ಬಿಚ್ಚಿದ ಛತ್ರಿ. ಎಲ್ಲರೂ ಒಂದೇ ದಿಕ್ಕಿಗೆ ಕತ್ತು ಚಾಚಿ ಆಸೆಯಿಂದ ನೋಡುತ್ತಿದ್ದಾರೆ. ಕೇಬಲ್‌ನವನ ಧ್ವನಿ ಗುಡುಗುತ್ತಿತ್ತು: "ಹೊಸ ನಾಳೆಯ ಕಡೆ ಕಣ್ಣಿಟ್ಟ ತಾಯಂದಿರು! ಛತ್ರಿಯ ನೆರಳಿಗೆ ಹರಿದು ಬಂದ ಜನಸಾಗರ!" ಅವರು ಕಣ್ಣಿಟ್ಟಿದ್ದು ಬಸ್ಸು ಬರುವ ರಸ್ತೆಯ ಕಡೆ ಎಂದು ನನಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು? ಸಾಲಿನ ಮೊದಲಿಗೆ ನನ್ನ ತಂಗಿ. ಸೀಟು ಹಿಡಿಯಲು ಅವಳು ಯಾವಾಗಲೂ ಮೊದಲೇ. ಕೈಯಲ್ಲಿ ಸಂತೆಯ ಚೀಲ, ಮೈಮೇಲೆ ನಾನೇ ಹೊಲಿದ ಹಸಿರು ಬ್ಲೌಸು, ತಲೆಯ ಮೇಲೆ ಛತ್ರಿ. ಪ್ರಾಮಾಣಿಕವಾಗಿ ಹೇಳುತ್ತೇನೆ, ಮೊದಲು ನನ್ನ ಕಣ್ಣು ಹೋಗಿದ್ದು ತೋಳಿನ ಹೊಲಿಗೆಯ ಕಡೆಗೆ. ಅದು ಸರಿಯಾಗಿ ಕೂತಿತ್ತು.

ಫೋನ್ ಮಾಡಿದೆ. "ನೀ ಛತ್ರಿ ಯಾಕ ಹಿಡದಿ?"

"ನಾ ಎಲ್ಲಿ ಹಿಡದೀನಿ? ಬಿಸಿಲದ ಅಂತ ಎಲ್ಲಾರಿಗೂ ಒಂದೊಂದು ಛತ್ರಿ ಹಂಚಿದ್ರು. ನಾ ಒಲ್ಲೆ ಅಂದೆ. ಬಾಜೂಕ ಕೇಬಲ್‌ನಾಂವನ ಅವ್ವ ನಿಂತಿದ್ಲು. 'ಬಿಸಿಲಿಗಿ ಯಾವ ಪಾರ್ಟಿ, ಬಾರವ್ವ ಈಚೀಗಿ' ಅಂತ ತನ್ನ ಛತ್ರಿ ನನ್ನ ತಲಿ ಮ್ಯಾಲೂ ಹಿಡದ್ಲು. ಮುದುಕಿಗಿ ಏನನ್ಲಿ?"

"ಆಮ್ಯಾಲ?"

"ಆಮ್ಯಾಲೇನು, ವಿಡಿಯೋ ಮುಗೀತು, ಛತ್ರಿ ಎಣಿಸಿ ವಾಪಸ್ ಇಸಗೊಂಡ್ರು. ಬಸ್ ಬರ್ಲಿಲ್ಲ. ಸಂತಿ ತಪ್ತು." ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ನಕ್ಕು ನಕ್ಕು ಅವಳ ಧ್ವನಿ ಒಮ್ಮೆಲೇ ಸಣ್ಣದಾಯಿತು. "ಅಕ್ಕಾ, ನಾ ಕಣದಿಂದ ಹಿಂದ ಸರದೀನಿ ಅಂತ ಊರೆಲ್ಲ ಮಾತಾಗ್ಯದ. ಆಂವನ ಮಾತ ನಾ ನಂಬಿರಲಿಲ್ಲ. ಅಲ್ಲಿ ನಿಂತಿದ್ದು ನಿನ್ನ ಹೆಬ್ಬೆಟ್ಟು ನೋಡಿ."

ಅವನ ಚಾನೆಲನ್ನು ಊರವರು ಅರ್ಧ ನಂಬುತ್ತಿದ್ದರು, ಅರ್ಧ ಬಿಡುತ್ತಿದ್ದರು. ಪೂರ್ತಿ ನಂಬಿದ್ದು ನನ್ನನ್ನು. ಅವನಿಗೆ ಬೇಕಾಗಿದ್ದು ಕ್ಯಾಮೆರಾ ಅಲ್ಲ, ಅದು ಅವನ ಬಳಿ ಇತ್ತು. ಜನ ಬೇಕಾಗಿತ್ತು. ಜನರನ್ನು ತಂದು ನಿಲ್ಲಿಸಿಕೊಟ್ಟವಳು ನಾನು.

ಮರುದಿನ ಮದುಮಗಳ ಬ್ಲೌಸ್ ಕೊಟ್ಟು, ಅಂಗಡಿ ಮುಚ್ಚಿ, ಅಳತೆಯ ನೋಟ್‌ಬುಕ್ ಹಿಡಿದು ಎಂಟು ನಲವತ್ತರ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಯೋಚನೆ. ತಂಗಿಯ ಫೋಟೋ ಹಾಕಿ ಸೇಡು ತೀರಿಸಿಕೊಳ್ಳಬಹುದಿತ್ತು. ಕೇಬಲ್‌ನವನನ್ನು ಮನೆಯವರ ನಂಬರು ಸಮೇತ ಗ್ರೂಪಿನಿಂದ ತೆಗೆಯಬಹುದಿತ್ತು. ತೆಗೆದರೆ ಅವನ ತಾಯಿಗೆ ಬಸ್ಸಿನ ಸುದ್ದಿ ಯಾರು ಹೇಳಬೇಕು? ಜನವಾಡದಲ್ಲಿ ಚಹಾದ ಅವ್ವ ಕಿಟಕಿಯ ಹತ್ತಿರ ಬಂದು, "ಯಾಕ್ರಿ ಬಾಯಾರ, ಮಾರಿ ಸಣ್ಣದಾಗ್ಯದ?" ಎಂದು ಕೇಳಿದರು. ಹೇಳಿದೆ. "ತಪ್ಪಾಗ್ಯದ ಅಂದ್ರ ತಪ್ಪಾಗ್ಯದ ಅಂತ ಹೇಳ್ರಿ, ಅದಕ್ಕೇನು ಟಿಕೇಟ್ ಹತ್ತತದೇನು?" ಎಂದು ಕಪ್ಪು ತೊಳೆಯಲು ಹೋದರು.

ತಂಗಿಯ ಮನೆಯ ಅಂಗಳದಲ್ಲಿ ಕುಳಿತು ಗ್ರೂಪಿನಲ್ಲಿ ಬರೆದೆ: "ನಿನ್ನೆಯ ಹತ್ತು ಗಂಟೆಯ ಬಸ್ಸು ಸುಳ್ಳು. ನನ್ನ ನೋಟ್‌ಬುಕ್ಕಿನಲ್ಲಿ ಹತ್ತು ಗಂಟೆಗೆ ಊರು ಮುಟ್ಟುವ ಬಸ್ಸು ಎಂದೂ ಇಲ್ಲ. ವಿಚಾರಿಸದೆ ಹೆಬ್ಬೆಟ್ಟು ಒತ್ತಿದ್ದು ನನ್ನ ತಪ್ಪು. ನಿನ್ನೆ ಸಾಲಿನಲ್ಲಿ ನಿಂತವರು ಏತಕ್ಕೆ ನಿಂತಿದ್ದಿರಿ, ನೀವೇ ಬರೆಯಿರಿ."

ಮೊದಲು ಒಬ್ಬಳು ಬರೆದಳು: "ಬಸ್ಸಿಗೆ." ಇನ್ನೊಬ್ಬಳು: "ಬಸ್ಸಿಗೆ." "ಬಸ್ಸಿಗೆ, ಸಂತೆಯೂ ತಪ್ಪಿತು." "ಬಸ್ಸಿಗೆ, ಬದನೆಕಾಯಿ ಮಾರಬೇಕಿತ್ತು, ಬಾಡಿದವು." ಫೋನು ಕೈಯಲ್ಲಿ ಜೀರುಂಡೆಯಂತೆ ಗುಂಯ್‌ಗುಟ್ಟತೊಡಗಿತು. ಆಮೇಲೆ ಕೇಬಲ್‌ನವನ ಹೆಂಡತಿಯ ನಂಬರಿನಿಂದ ಒಂದು ಧ್ವನಿ ಬಂತು. ಒತ್ತಿದರೆ ಅವಳ ಅತ್ತೆ!

"ನಾನೂ ಬಸ್ಸಿಗೇ ನಿಂತಿದ್ನೆವ್ವ. ನನ್ನ ಮಗಾ ನನಗೂ ಹೇಳಿಲ್ಲ. ಕಾಲು ಸೆಟದು ಹೋಗ್ಯಾವ. ಏ ಸೊಸೀ, ಇದು ಹ್ಯಾಂಗ ಬಂದ್ ಮಾಡೋದು, ಒಳಗ ನನ್ನ ಮಾತ್ ಹೊಂಟದೇನು ಇನ್ನಾ?"

ಅಂಗಳದಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ತಂಗಿ ನಗುತ್ತ ಕಣ್ಣೊರೆಸಿಕೊಂಡಳು. ನಾನೂ ಆ ನಗುವಿನ ಭರದಲ್ಲಿ ಬರೆದುಬಿಟ್ಟೆ: "ಒಂದು ತಾಸು ಕಾನೂನು ಸಡಿಲ. ಇಬ್ಬರೂ ಅಭ್ಯರ್ಥಿಗಳು ಒಂದೊಂದು ಸಲ ಮಾತನಾಡಬಹುದು. ತಮ್ಮ ಬಾಯಿಂದಲೇ."

ತಂಗಿ ಮೊದಲು ಕಳಿಸಿದಳು. "ನಾ ಹಿಂದ ಸರದಿಲ್ಲ. ಕಣದಾಗೇ ಅದೀನಿ. ಬಸ್ ನಿಲ್ಲೋ ಜಾಗಾಕ್ಕ ಒಂದು ತಗಡಿನ ನೆರಳು ಮಾಡಸ್ತೀನಿ, ಯಾರ್ದೂ ಛತ್ರಿ ಹಿಡಿಯೋ ಗರಜೇ ಇಲ್ಲ."

ತಾಸು ಮುಗಿಯುವ ಹೊತ್ತಿಗೆ ಎದುರಾಳಿಯ ಧ್ವನಿ ಬಂತು. ಹದಿನೈದು ದಿನ ಅವಳ ಮುಖ ನೋಡಿದ್ದ ಊರು ಅವಳ ಮಾತು ಕೇಳಿದ್ದು ಅದೇ ಮೊದಲು. "ನನಗ ಭಾಷಣ ಬರಲ್ರಿ. ನಾನೂ ದಿನಾ ಈ ಗ್ರೂಪ್ ನೋಡ್ತೇನಿ. ನನಗೂ ಬಸ್ಸೇ ಬೇಕಾಗ್ಯದ್ರಿ. ನಿನ್ನಿದು ನನಗ ಗೊತ್ತಿರಲಿಲ್ಲ." ಅಷ್ಟೇ. ತಂಗಿ ಅದನ್ನು ಎರಡು ಸಲ ಕೇಳಿ, "ಈಕಿ ಛಲೋ ಮಾತಾಡ್ತಾಳಲ್ಲ ಅಕ್ಕಾ, ಇಕಿನ್ನ ಟಿ.ವಿ.ಯಾಗ ಮಾತಾಡ್ಸಿದ್ರ ನಾ ಸೋತೇ ಹೋಗ್ತಿದ್ದೆ" ಎಂದಳು.

ತಂಗಿ ಗೆದ್ದಳು, ಕೂದಲೆಳೆಯ ಅಂತರದಲ್ಲಿ. ಎಣಿಕೆ ಮುಗಿದದ್ದೇ ತಡ, ಗ್ರೂಪಿನಲ್ಲಿ ಅವಳ ಫೋಟೋ: ಕೊರಳಲ್ಲಿ ಮೂಗಿನವರೆಗೂ ಹಾರ, ಹಣೆಯ ತುಂಬ ಗುಲಾಲು. ನನ್ನ ಕಣ್ಣು ತುಂಬಿತು. ತುಂಬಿದ ಕಣ್ಣಲ್ಲೇ ಅಳಿಸಿದೆ.

ಫೋನ್ ಬಂತು. "ಅಕ್ಕಾ, ನಾ ಈಗ ಮೆಂಬರ್. ನನ್ನ ಫೋಟೋ ಯಾಕ ತೆಗದಿ?"

"ಅದ್ರಾಗ ಬಸ್ ಎಲ್ಲದ?"

ಮರುದಿನ ಮತ್ತೊಂದು ಫೋಟೋ ಬಂತು. ಅದೇ ಹಾರ, ಸ್ವಲ್ಪ ಬಾಡಿದೆ. ಬಸ್ಸಿನ ಬಾಗಿಲಲ್ಲಿ ಸರಳು ಹಿಡಿದು ಜೋತುಬಿದ್ದು ಹಲ್ಲು ಕಿರಿಯುತ್ತಿದ್ದಾಳೆ. ಕೆಳಗೆ ಬರೆದಿದ್ದಳು: "ಬಸ್ ಬೀದರಿಗೆ ಹೊರಟಿತು."

ಹೆಬ್ಬೆಟ್ಟು ತಾನಾಗಿ ಮುಂದೆ ಹೋಯಿತು. ತಡೆದೆ. ತಾಸು ಎರಡು ತಾಸು ಕಾದು ಜನವಾಡಕ್ಕೆ ಫೋನ್ ಮಾಡಿ, "ಅವ್ವಾ, ಬಸ್ ಖರೇನೇ ಬಂದದೇನ್ರಿ?" ಎಂದು ಕೇಳಿದೆ.

"ಬಂದದ್ರಿ. ನಿಮ್ಮ ತಂಗಿ ಇಲ್ಲೇ ಚಹಾ ಕುಡೀಲಿಕ್ಕತ್ತಾಳ. ಹಾರ ಇನ್ನಾ ತೆಗದಿಲ್ರಿ."

ಆಮೇಲೆ ಒತ್ತಿದೆ.