ಕಾಲುಳ್ಳ ಅಕ್ಷರಗಳ ಪಾರ್ವತೆಮ್ಮನವರು

ಲಿಂಗಸುಗೂರು ಸೀಮೆಯಲ್ಲಿ ಹೆಣ್ಣುಮಕ್ಕಳ ಕೈಗೆ ಬಳಪ ಕೊಟ್ಟವರನ್ನು ನೆನೆಯುವಾಗ ಮೊದಲು ಬರುವ ಹೆಸರು ಶ್ರೀಮತಿ ಪಾರ್ವತೆಮ್ಮನವರದು. ನಿವೃತ್ತರಾಗುತ್ತಿರುವ ಅವರನ್ನು ಕೊಂಡಾಡಲು ಪಂಡಿತರು ಬೇಕಾದಷ್ಟು ಮಂದಿ ಇದ್ದಾರೆ. ಅವರನ್ನು ಮೊದಲು ಕಳ್ಳರಂತೆ ಕಂಡ ಪೊಲೀಸ್ ಜಮಾದಾರ ಜಿಲಾನಿಸಾಬರ ಕಥೆಯೂ ಈ ಅಭಿನಂದನ ಗ್ರಂಥದಲ್ಲಿರುವುದು ಉಚಿತ.

ಉರ್ದುವೇ ಸರ್ಕಾರದ ಭಾಷೆಯಾಗಿದ್ದ ಕಾಲದಲ್ಲಿ, ಸರ್ಕಾರದ ನೆರವಿಲ್ಲದ ಖಾನಗಿ ಶಾಲೆ ತೆರೆದಾಗ ಪಾರ್ವತೆಮ್ಮನವರಿಗೆ ಕನ್ನಡದ ಪುಸ್ತಕಗಳು ಸಿಗಲಿಲ್ಲ. ಗಡಿಯಾಚೆಯ ಬಳ್ಳಾರಿಯ ನಾಟಕ ಕಂಪನಿಯೊಂದು ಸಿಂಧನೂರಿನಲ್ಲಿ ಹಂಚಿದ್ದ ಹ್ಯಾಂಡ್‌ಬಿಲ್ಲುಗಳನ್ನು ತರಿಸಿ, ಅಕ್ಷರ ಕತ್ತರಿಸಿ ಗೋಡೆಗೆ ಅಂಟಿಸಿದರು. ಹಳೆಯ ಕಾಲದ ದಪ್ಪ ಅಚ್ಚು ಅದು: ತುಂಬಿದ ಹೊಟ್ಟೆ, ಸಣ್ಣ ನಡು, ತಲಕಟ್ಟಿನ ಮೇಲೆ ಬಳ್ಳಿಯ ಸುರುಳಿ, ಗೆರೆಯ ಕೊನೆಗೊಂದು ಪುಟ್ಟ ಪಾದ. ನಾಟಕಕ್ಕೂ ಬೀಡಿಕಟ್ಟಿಗೂ ಜನರನ್ನು ಕೂಗಿ ಕರೆಯಲೆಂದೇ ಹುಟ್ಟಿದ ಅಕ್ಷರ. ಹಿಂದಿನ ಸಾಲಿನ ಹುಡುಗಿಗೂ ಚೆನ್ನಾಗಿ ಕಾಣುತ್ತಿತ್ತು. ಕನ್ನಡವೆಂದರೆ ಇದೇ ಎಂದು ನಂಬಿದ ಮಕ್ಕಳು ಪಾಟಿಯ ಮೇಲೆ ಸುರುಳಿ, ಪಾದಗಳನ್ನೂ ತಪ್ಪದೆ ಬರೆಯತೊಡಗಿದರು.

ಅದು ಪೊಲೀಸ್ ಠಾಣೆಯ ಮುಖ್ಯಸ್ಥರಾದ ಅಮೀನರ ಕಣ್ಣಿಗೆ ಬಿತ್ತು. "ಪಟವಾರಿ ಬರಿಯೋ ಕನ್ನಡಕ್ಕ ಕಾಲಿಲ್ಲ, ಇದಕ್ಯಾಕ ಕಾಲು? ಇದು ಗುಪ್ತ ಲಿಪಿ. ಜಿಲಾನಿ, ಹೋಗಿ ಆ ಸಾಲ್ಯಾಗ ಕುಂದ್ರು. ಏನರ ಸಿಕ್ಕರ ಸಾಲಿಗೆ ಬೀಗ!"

ಜಿಲಾನಿಸಾಬರಿಗೆ ಕನ್ನಡ ಮಾತು ಬರುತ್ತಿತ್ತು, ಓದಲು ಬರುತ್ತಿದ್ದುದು ಉರ್ದು ಮಾತ್ರ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅಕ್ಷರಗಳ ಪಾದಗಳು ಬಳ್ಳಾರಿಯತ್ತ ಮುಖಮಾಡಿವೆಯೇ ಎಂದೂ ನೋಡಿದರು. ಬಾಗಿಲ ಮೇಲೆ ಕತ್ತರಿಸದೆ ಅಂಟಿಸಿದ್ದ ಒಂದು ಸಾಲಿನ ಮೇಲಂತೂ ಅವರ ಗುಮಾನಿ ಗಟ್ಟಿಯಾಗಿ ಕೂತಿತು.

"ಏನ್ ಬರ್ದೈತ್ರೀ ಅಲ್ಲಿ?"

"ನಾ ಹೇಳಿದ್ರ ನೀವು ನಂಬ್ತೀರೇನ್ರಿ ಜಮಾದಾರ್ರ? ಹೆಂಗೂ ಕುಂತೀರಿ, ಕಲೀರಿ," ಎಂದರು ಪಾರ್ವತೆಮ್ಮನವರು.

ಇದೂ ಒಂದು ಸಂಚೇ ಎಂದುಕೊಂಡು, ಸಂಚನ್ನು ಹಿಡಿಯಲೆಂದೇ ಅವರು ಕಲಿತರು. ಒಂದು ಮಧ್ಯಾಹ್ನ ಆ ಸಾಲನ್ನು ಕೂಡಿಸಿ ಓದಿದರು: "ಹೆಂಗಸರಿಗೆ ಬೇರೆ ಸ್ಥಳವುಂಟು." ನಾಟಕದ ಹ್ಯಾಂಡ್‌ಬಿಲ್ಲಿನ ಕೊನೆಯ ಮಾತು! ಅವರಿಗೆ ನಗು ಬಂತು. ಅದರ ಬೆನ್ನಲ್ಲೇ ನಾಚಿಕೆಯೂ ಬಂತು. ಮನೆಯಲ್ಲಿ ಓದುಬರಹವಿಲ್ಲದೆ ಬೆಳೆಯುತ್ತಿದ್ದ ಮಗಳು ಮೆಹರಬಾನು ಕಣ್ಣಮುಂದೆ ಬಂದಳು.

"ಹೆಣ್ಮಕ್ಕಳಿಗೆ ಜಾಗ ಐತಿ ಅಂತ ಬರ್ದಾರ ಸಾಬ್. ಬ್ಯಾರೆ ಏನಿಲ್ಲ," ಎಂದು ಅಮೀನರಿಗೆ ವರದಿ ಒಪ್ಪಿಸಿದರು.

"ನೀ ಹೆಂಗ ಓದಿದಿ?" ಎಂದರು ಅಮೀನರು. ಶಾಲೆಯ ಮೇಲಿದ್ದ ಸಂಶಯ ಜಿಲಾನಿಸಾಬರ ಮೇಲೆ ತಿರುಗಿತು. ಶಾಲೆಗೆ ಬೀಗ ಬೀಳಲಿಲ್ಲ, ಅವರಿಗೆ ಮಸ್ಕಿಗೆ ವರ್ಗವಾಯಿತು. ಹೊರಡುವ ಬೆಳಿಗ್ಗೆ ಅವರು ಮೆಹರಬಾನುವನ್ನು ಕರೆತಂದು, ಯಾರನ್ನೂ ನಂಬದ ತಮ್ಮ ಜನ್ಮದಲ್ಲಿ ಮೊದಲ ಬಾರಿಗೆ, ಪಾರ್ವತೆಮ್ಮನವರ ಮನೆಯಲ್ಲೇ ಬಿಟ್ಟುಹೋದರು.

ಪೂಜ್ಯರಿಗೆ ಆಯುರಾರೋಗ್ಯ ತುಂಬಿರಲಿ, ನಿವೃತ್ತಿಯ ನಂತರವೂ ಅವರ ಪಡಸಾಲೆಯಲ್ಲಿ ಪಾಠ ನಡೆಯಲಿ ಎಂದು ಹಾರೈಸುತ್ತೇವೆ. ಇನ್ನು ಮುಂದೆ ಅವರ ಕುರ್ಚಿಯಲ್ಲಿ ಕೂಡುವವರು ಮೆಹರಬಾನು.